ಯೂವರ್ಷನ್ ಬೈಬಲ್ ಆ್ಯಪ್: ಓದಿಸುವುದೆಷ್ಟು, ಒತ್ತಿಸುವುದೆಷ್ಟು?

2008ರ ಜುಲೈನಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್ ಬಾಗಿಲು ತೆರೆದಾಗಲೇ ಅದರಲ್ಲಿದ್ದ ಆ್ಯಪ್ ಇದು. ರೂಪಿಸಿದ್ದು ಅಮೆರಿಕದ ಲೈಫ್.ಚರ್ಚ್ ಎಂಬ ಕ್ರೈಸ್ತ ಸಭೆ. ಇಂದಿಗೂ ಉಚಿತ, ಕಾಣಿಕೆಗಳಿಂದ ನಡೆಯುತ್ತದೆ, ಜಾಹೀರಾತಿಲ್ಲ. ಈ ಕೊನೆಯದನ್ನು ಸಣ್ಣದೆಂದು ತಳ್ಳಿಹಾಕಬಾರದು. ಕೀರ್ತನೆಯ ಎರಡು ವಚನಗಳ ನಡುವೆ ಜಾಹೀರಾತು ತೂರಿಸುವ ಆ್ಯಪ್ ಧ್ಯಾನಕ್ಕೆ ಒದಗುವುದೇ ಇಲ್ಲ.

ಮೊದಲು ಓದುವ ಪುಟ. ಮೇಲಿರುವ ಅನುವಾದದ ಹೆಸರನ್ನು ಒತ್ತಿದರೆ ಪಟ್ಟಿ ತೆರೆಯುತ್ತದೆ. ಭಾಷೆ ಕನ್ನಡ ಎಂದು ಆರಿಸಿಕೊಂಡರೆ ಒಂದಕ್ಕಿಂತ ಹೆಚ್ಚು ಅನುವಾದಗಳು ಸಿಗುತ್ತವೆ. ಹಳೆಯ ಗ್ರಾಂಥಿಕ ಕನ್ನಡದ್ದೂ ಇದೆ, ಸರಳ ಕನ್ನಡದ್ದೂ ಇದೆ. ವಚನದ ಮೇಲೆ ಬೆರಳಿಟ್ಟು ಹೋಲಿಕೆಯ ಆಯ್ಕೆ ಒತ್ತಿದರೆ ಇವು ಒಂದರ ಕೆಳಗೊಂದು ಬರುತ್ತವೆ. ಆ್ಯಪ್‌ನಲ್ಲಿ ನಮಗೆ ಅತಿ ಹೆಚ್ಚು ಬೆಲೆಬಾಳುವುದು ಇದೇ. ಗ್ರಾಂಥಿಕ ರೂಪದಲ್ಲಿ ಬಿಗಿಯಾಗಿ ಕಾಣುವ ಮಾತು ಸರಳ ಅನುವಾದದ ಪಕ್ಕದಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಅನುವಾದವನ್ನು ಫೋನಿಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದಬಹುದು. ಆದರೆ ಎಲ್ಲ ಅನುವಾದಗಳಿಗೂ ಈ ಸೌಲಭ್ಯವಿಲ್ಲ, ಅದು ಪ್ರಕಾಶಕರು ಕೊಟ್ಟ ಅನುಮತಿಯನ್ನು ಅವಲಂಬಿಸಿದೆ. ಪಠ್ಯ ಇಳಿದರೂ ಧ್ವನಿ ಇಳಿಯುವುದಿಲ್ಲ, ಕೇಳಲು ನೆಟ್ ಬೇಕು. ಆರಾಧನೆಗೆ ಹೊರಡುವ ಮುನ್ನವೇ ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ಅಧ್ಯಾಯ ತೆರೆದು ಪರೀಕ್ಷಿಸಿ. ಆರಾಧನೆ ಮುಗಿಯುವವರೆಗೂ ಅದೇ ಮೋಡ್‌ನಲ್ಲಿಟ್ಟರೆ ಬೇರೆ ಯಾವ ಸಂದೇಶವೂ ನಡುವೆ ಇಣುಕುವುದಿಲ್ಲ.

ಇನ್ನು ದಿನದ ವಚನ. ಬೆಳಗ್ಗೆ ನೋಟಿಫಿಕೇಶನ್ ಬರುತ್ತದೆ, ಓದುತ್ತೀರಿ, ಮನಸ್ಸಿಗೆ ಹಿತವಾಗುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ. ಯೆರೆಮೀಯ 29:11ರ ಒಳ್ಳೆಯ ಗತಿಯ ವಾಗ್ದಾನ ಒಂಟಿಯಾಗಿ ಬಂದರೆ ನಾಳೆಯ ಸಂದರ್ಶನಕ್ಕೆ ಕೊಟ್ಟ ಮಾತಿನಂತೆ ಕೇಳಿಸುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎಂಬ ಫಿಲಿಪ್ಪಿ 4:13ನ್ನು ಪೌಲ ಬರೆದದ್ದು ಸೆರೆಯಿಂದ. ಹಸಿವನ್ನೂ ತೃಪ್ತಿಯನ್ನೂ ಒಂದೇ ಮನಸ್ಸಿನಿಂದ ತಾಳುವ ಮಾತು ಅದಕ್ಕೂ ಹಿಂದಿನ ವಚನದಲ್ಲಿದೆ. ಆದ್ದರಿಂದ ವಚನದ ಚಿತ್ರವನ್ನು ಹಂಚುವ ಮೊದಲು ಪೂರ್ತಿ ಅಧ್ಯಾಯ ತೆರೆಯಿರಿ. ದೇವರ ಚಿತ್ತ ಹುಡುಕಲು ಓದುವವರು ತಮಗೆ ಬೇಕಾದ ಸಾಲನ್ನಷ್ಟೇ ಆರಿಸಿಕೊಂಡರೆ ಹುಡುಕಾಟವೇ ನಿಂತುಹೋಗುತ್ತದೆ.

ಸ್ಟ್ರೀಕ್ ಎಂಬ ಎಣಿಕೆಯ ಬಗ್ಗೆ ನಮ್ಮ ಅಭಿಪ್ರಾಯ ಇನ್ನೂ ಕಟು. ಅದು ಎಣಿಸುವುದು ಸತತವಾಗಿ ಆ್ಯಪ್ ತೆರೆದ ದಿನಗಳನ್ನು, ಓದಿದ ಅಧ್ಯಾಯಗಳನ್ನಲ್ಲ. ಸಂಖ್ಯೆ ಮುರಿಯದಿರಲೆಂದು ರಾತ್ರಿ ಹನ್ನೊಂದೂವರೆಗೆ ತೆರೆದು ಮುಚ್ಚಿದರೂ ಲೆಕ್ಕ ಏರುತ್ತದೆ. ಅದನ್ನು ನೆನಪಿಸುವ ನೋಟಿಫಿಕೇಶನ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ದಿನದ ವಚನದ್ದೊಂದನ್ನು ಮಾತ್ರ ಉಳಿಸಿ, ಅದರ ಸಮಯವನ್ನು ನೀವು ನಿಜವಾಗಿ ಕೂತು ಓದುವ ಹೊತ್ತಿಗೆ ಹೊಂದಿಸಿ.

ಓದಿನ ಯೋಜನೆಗಳು ಬೇಕಾದಷ್ಟಿವೆ. ಆರಿಸುವಾಗ ಲೆಕ್ಕ ಹಾಕಿ. 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳು. ವರ್ಷದೊಳಗೆ ಮುಗಿಯಬೇಕಾದರೆ ದಿನಕ್ಕೆ ಮೂರು, ವಾರದಲ್ಲಿ ಎರಡು ದಿನ ನಾಲ್ಕು. ಮೊದಲಿನಿಂದ ಕ್ರಮವಾಗಿ ಓದಿದರೆ ಸುಮಾರು ಒಂದು ತಿಂಗಳಿಗೆ ಆದಿಕಾಂಡ, ವಿಮೋಚನಕಾಂಡ ಮುಗಿದು ಯಾಜಕಕಾಂಡ ಎದುರಾಗುತ್ತದೆ. ಕಥೆ ನಿಂತು ಯಜ್ಞವಿಧಿಗಳು ಬರುವ ಈ ಜಾಗದಲ್ಲೇ ಓದು ಸೊರಗುವುದು. ಹೊಸಬರಿಗೆ ಹೊಸ ಒಡಂಬಡಿಕೆ ಒಳ್ಳೆಯದು: 260 ಅಧ್ಯಾಯಗಳು, ವಾರಕ್ಕೆ ಐದರಂತೆ ಸರಿಯಾಗಿ 52 ವಾರ, ಉಳಿದೆರಡು ದಿನ ಮರು ಓದಿಗೆ. ಹಿಂದೆ ಬಿದ್ದರೆ ಯೋಜನೆಯ ಮೆನುವಿನಲ್ಲಿ ದಿನಾಂಕಗಳನ್ನು ಮುಂದೂಡುವ ಆಯ್ಕೆಯಿದೆ, ಅದನ್ನು ಬಳಸಿ. ಬಾಕಿ ಉಳಿದದ್ದನ್ನೆಲ್ಲ ಒಂದೇ ಸಂಜೆ ಓಡಿಸಿದರೆ ಮುಗಿಯಿತೆಂಬ ಗುರುತು ಬೀಳಬಹುದು, ಒಳಗೆ ಏನೂ ಇಳಿಯದು.

ಪ್ರಾರ್ಥನಾ ಪಟ್ಟಿ ಚೆನ್ನಾಗಿದೆ. ಯಾರಿಗಾಗಿ ಪ್ರಾರ್ಥಿಸುತ್ತೇವೆಂದು ಹೇಳಿ ಮರೆಯುವವರಿಗೆ ನಿಜಕ್ಕೂ ಉಪಯುಕ್ತ. ಗೆಳೆಯರಿಗೆ ಹಂಚುವ ಅವಕಾಶವೂ ಇದೆ. ಇನ್ನೊಬ್ಬರ ಕಾಯಿಲೆ, ಮನೆಯ ಜಗಳ ಇಂಥವನ್ನು ಅವರನ್ನು ಕೇಳದೆ ಅಲ್ಲಿ ಹಂಚಬೇಡಿ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂಬ ಮತ್ತಾಯ 6:6 ಫೋನಿಗೂ ಅನ್ವಯಿಸುತ್ತದೆ. ಟಿಪ್ಪಣಿ ಬರೆಯುವಾಗಲೂ ಅದು ಖಾಸಗಿಯೋ ಸಾರ್ವಜನಿಕವೋ ಎಂದು ಪ್ರತಿಸಲ ನೋಡಿಕೊಳ್ಳಿ.

ಬಣ್ಣದ ಗುರುತು, ಟಿಪ್ಪಣಿಗಳು ಖಾತೆಗೆ ಅಂಟಿಕೊಂಡಿರುತ್ತವೆ. ಫೋನ್ ಬದಲಿಸಿ ಅದೇ ಖಾತೆಯಿಂದ ಒಳಬಂದರೆ ಮರಳಿ ಸಿಗುತ್ತವೆ. ಇಳಿಸಿಕೊಂಡ ಅನುವಾದಗಳನ್ನು ಮಾತ್ರ ಮತ್ತೆ ಇಳಿಸಬೇಕು. ಪಾಸ್‌ವರ್ಡ್ ಮರೆತವರಿಗೆ ಖಾತೆಗೆ ಕೊಟ್ಟಿದ್ದ ಇಮೇಲ್ ಬೇಕೇ ಬೇಕು.

ಹೀಬ್ರೂ, ಗ್ರೀಕ್ ಮೂಲಪದಗಳನ್ನು ಬಗೆದು ನೋಡಬೇಕೆನ್ನುವವರಿಗೆ ಇದು ಸಾಲದು. ಅದಕ್ಕೆ ಬ್ಲೂ ಲೆಟರ್ ಬೈಬಲ್ ಎಂಬ ಆ್ಯಪ್ ಇದೆ, ಅದೂ ಉಚಿತ: ವಚನವನ್ನು ಒತ್ತಿದರೆ ಪ್ರತಿ ಪದದ ಸ್ಟ್ರಾಂಗ್ಸ್ ಸಂಖ್ಯೆ (ಮೂಲಪದವನ್ನು ಗುರುತಿಸುವ ಸಂಖ್ಯೆ), ಅರ್ಥ, ಅದು ಬರುವ ಬೇರೆ ಜಾಗಗಳು ಸಿಗುತ್ತವೆ. ವಿವರಣೆಯೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಉಪದೇಶ ಸಿದ್ಧಪಡಿಸುವವರು ಎರಡನ್ನೂ ಇಟ್ಟುಕೊಂಡು, ಕನ್ನಡದ ಓದನ್ನು ಯೂವರ್ಷನ್‌ನಲ್ಲೇ ಮಾಡುವುದು ಅನುಕೂಲ.