ಬೋರರ್ ಬಿದ್ದ ಗಿಡ ಕಿತ್ತವರಿಗೆ ಈ ಕಾಡು ಅರ್ಥವಾಗುತ್ತದೆ: ‘ಅಪ್‌ರೂಟೆಡ್’

ಚಿಕ್ಕಮಗಳೂರಿನ ಅರೇಬಿಕಾ ಕಾಫಿ ತೋಟದಲ್ಲಿ ಎಲೆ ಹಳದಿ ತಿರುಗಿ, ಕಾಂಡದ ತೊಗಟೆ ಉಂಗುರದ ಹಾಗೆ ಉಬ್ಬಿದ ಗಿಡ ಕಂಡರೆ ಬುಡಸಮೇತ ಕಿತ್ತು ಸುಡುತ್ತಾರೆ. ಪಾಪ ಅಂತ ಬಿಟ್ಟರೆ ಒಳಗಿನ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ದುಂಬಿಯಾಗಿ ಹೊರಬಿದ್ದು ಪಕ್ಕದ ಗಿಡಗಳಿಗೆ ಮೊಟ್ಟೆಯಿಡುತ್ತದೆ. ನವೋಮಿ ನೋವಿಕ್ ಅವರ ಇಂಗ್ಲಿಷ್ ಕಾದಂಬರಿ ‘ಅಪ್‌ರೂಟೆಡ್’ (2015) ಹುಟ್ಟಿಸುವ ಭಯ ಇದೇ ಜಾತಿಯದು. ಕಣಿವೆಯ ಅಂಚಿನಲ್ಲಿ ಒಂದು ಮಾಟದ ಕಾಡು. ಅದು ಸುಮ್ಮನೆ ನಿಂತಿರುವುದಿಲ್ಲ, ಊರಿನ ಕಡೆ ಬೆಳೆಯುತ್ತದೆ. ಅದರ ಸೋಂಕು ತಗುಲಿದ ದನಗಳನ್ನು ಸುಟ್ಟೇ ಮುಗಿಸಬೇಕು. ಸಿಕ್ಕಿದ ಮನುಷ್ಯರನ್ನು ಮರದ ತೊಗಟೆಯೊಳಗೆ ಸೇರಿಸಿಕೊಳ್ಳುತ್ತದೆ.

ಹತ್ತು ವರ್ಷಕ್ಕೊಮ್ಮೆ ಒಬ್ಬ ಹುಡುಗಿಯನ್ನು ತನ್ನ ಗೋಪುರಕ್ಕೆ ಕರೆದೊಯ್ಯುವ ಮಾಂತ್ರಿಕನಿಗೆ ಊರವರು ಡ್ರ್ಯಾಗನ್ ಎನ್ನುತ್ತಾರೆ. ಈ ಸಲ ಹೋಗುವವಳು ಚೆಲುವೆ ಕಾಸ್ಯಾ ಎಂದು ಎಲ್ಲರೂ ನಂಬಿರುವಾಗ, ಬಟ್ಟೆಗೆ ಸದಾ ಕೆಸರು ಮೆತ್ತಿಕೊಳ್ಳುವ ಅವಳ ಗೆಳತಿ ಅಗ್ನ್ಯೇಷ್ಕಾ ಆಯ್ಕೆಯಾಗುತ್ತಾಳೆ. ಅವನ ಮಂತ್ರ ತೂಕ ಹಾಕಿ ಮಾಡಿದ ಅಡುಗೆ, ಇವಳದು ಕೈಯಳತೆ. ಅವನು ಹೇಳಿದಂತೆ ಮಾಡಿದರೆ ಇವಳಿಗೆ ಒಲಿಯುವುದಿಲ್ಲ, ಹಾಡಿನ ಹಾಗೆ ಗುನುಗಿದರೆ ಒಲಿಯುತ್ತದೆ. ಮಂತ್ರವಿದ್ಯೆಯನ್ನು ಇಷ್ಟು ಕೈಗೆಟಕುವಂತೆ ಬರೆದವರು ಕಡಿಮೆ.

ಪುಸ್ತಕದ ಅತ್ಯುತ್ತಮ ಭಾಗ ಕಾಡಿನ ಪಾಲಾದ ಕಾಸ್ಯಾಳನ್ನು ಮರದಿಂದ ಬಿಡಿಸಿ ತಂದ ಮೇಲಿನದು. ಅವಳೊಳಗಿನ ಸೋಂಕು ತೆಗೆಯಲು ಅಗ್ನ್ಯೇಷ್ಕಾ, ಡ್ರ್ಯಾಗನ್ ಇಬ್ಬರೂ ಸೇರಿ ಒಂದು ದೀರ್ಘ ಮಂತ್ರ ಓದುತ್ತಾರೆ. ಅದು ಸತ್ಯವನ್ನೇ ಬೆಳಕಿಗೆ ತರುವ ಮಂತ್ರ. ಇಬ್ಬರು ಗೆಳತಿಯರು ಬಾಲ್ಯದಿಂದ ಒಬ್ಬರಿಗೊಬ್ಬರು ಮುಚ್ಚಿಟ್ಟ ಹೊಟ್ಟೆಕಿಚ್ಚು, ಸಿಟ್ಟು ಎಲ್ಲವೂ ಅಲ್ಲಿ ಎದುರಾಬದುರು ನಿಲ್ಲುತ್ತವೆ. ಅದನ್ನು ನೋಡಿಯೂ ಕೈ ಬಿಡದಿರುವುದೇ ಅಲ್ಲಿಯ ಮದ್ದು. ಈ ಗೆಳೆತನದ ಮುಂದೆ ಪ್ರೇಮಕಥೆ ಸಪ್ಪೆ. ನೂರು ದಾಟಿದ ಮಾಂತ್ರಿಕ ಮೊದಲ ಮೂರರಲ್ಲೊಂದು ಭಾಗ ಹುಡುಗಿಯನ್ನು ಹೀಯಾಳಿಸುತ್ತಲೇ ಇರುತ್ತಾನೆ, ಆಮೇಲಿನ ಒಲವು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ.

ರಾಜಧಾನಿಯ ಅಧ್ಯಾಯಗಳಲ್ಲಿ ಕಥೆ ಎಳೆಯುತ್ತದೆ. ಕಾಡು ಕಣ್ಣಿಂದ ಮರೆಯಾದ ಕೂಡಲೇ ಬಿಗಿ ಸಡಿಲವಾಗುವುದು ಅದಕ್ಕೆ ಕಾರಣ. ಗೋಪುರದ ಮುತ್ತಿಗೆಯಲ್ಲಿ ಹೆಣಗಳ ಲೆಕ್ಕ ವಿಪರೀತ. ಆದರೆ ಕೊನೆಯಲ್ಲಿ ಕಾಡು ಹೀಗೇಕಾಯಿತು ಎಂದು ತಿಳಿದಾಗ ಪುಸ್ತಕ ಮತ್ತೆ ಎದ್ದು ನಿಲ್ಲುತ್ತದೆ. ನೆರಳಿನ ಮರ ಬೋಳಿಸಿದ ತೋಟಕ್ಕೇ ಬೋರರ್ ಜಾಸ್ತಿ ಎಂದು ಬಲ್ಲ ಬೆಳೆಗಾರರ ಮನೆಯ ಮಕ್ಕಳಿಗೆ ಆ ಕಾರಣ ಬೇಗ ತಟ್ಟುತ್ತದೆ.

ಮಕ್ಕಳ ಕೈಗೆ ಕೊಡುವ ಮುನ್ನ ಗಮನಿಸಿ: ಆರಂಭದಲ್ಲೇ ರಾಜಕುಮಾರನೊಬ್ಬ ನಾಯಕಿಯ ಮೇಲೆ ಬಲಾತ್ಕಾರಕ್ಕೆ ಯತ್ನಿಸುತ್ತಾನೆ, ಮುಂದೆ ಒಂದು ಮುಚ್ಚುಮರೆಯಿಲ್ಲದ ಪ್ರಣಯ ದೃಶ್ಯವೂ ಇದೆ. ನಾಯಕಿಗೆ 17 ವರ್ಷ ಎಂದ ಮಾತ್ರಕ್ಕೆ ಹೈಸ್ಕೂಲಿನವರಿಗೆ ಕೊಡಬೇಡಿ. ಪಿಯುಸಿ ದಾಟಿದವರಿಗೆ ಸರಿ. ಇಂಗ್ಲಿಷ್ ಕಷ್ಟದ್ದಲ್ಲ, ಪೋಲಿಷ್ ಹೆಸರುಗಳೇ ತೊಡಕು. ಮುಖ್ಯವಾದ ಐದಾರು ಹೆಸರನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಎಡವುವುದಿಲ್ಲ. 400ಕ್ಕೂ ಹೆಚ್ಚು ಪುಟ, ಒಂದೇ ಸಂಪುಟದಲ್ಲಿ ಕಥೆ ಮುಗಿಯುತ್ತದೆ.