ನಮ್ಮ ಡಬಲ್ ಬ್ಯಾರೆಲ್, ಮತ್ತು ಅದಕ್ಕೆ ನಾನು ಸುರಿದ ದುಡ್ಡು

ನಮ್ಮ ಮನೆಯ ಬಂದೂಕನ್ನು ನಾನು ಬಿಚ್ಚಿ ಜೋಡಿಸಿದ್ದು ಹಂದಿ ಓಡಿಸೋದಕ್ಕಿಂತ ಜಾಸ್ತಿ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬರೋದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳೆ ಕಾಯೋಕೆ ಬಂದೂಕು ತಗೊಳ್ಳಲಾ ಅಂತ ಕೇಳುವವರು ಬೇರೇನೋ ಕನಸು ಕಾಣುತ್ತಾ ಇರುತ್ತಾರೆ.

ಕಲಘಟಗಿ ತಾಲೂಕಿನಲ್ಲಿ ಕಾಡಿಗೆ ಹತ್ತಿಕೊಂಡೇ ನಮ್ಮ ಹೊಲ. ಗೋವಿನಜೋಳ, ಭತ್ತ, ಒಂದಿಷ್ಟು ಕಬ್ಬು. ಬಂದೂಕು ಅಪ್ಪನದು, ಸರ್ಕಾರಿ ಕಾರ್ಖಾನೆಯಲ್ಲಿ ಆದ 12 ಬೋರ್, ಎರಡು ನಳಿಕೆ ಪಕ್ಕಪಕ್ಕ. ಅಪ್ಪನಿಗೆ 70 ದಾಟಿದ ಮೇಲೆ, 2022ರಲ್ಲಿ ಲೈಸೆನ್ಸ್ ನನ್ನ ಹೆಸರಿಗೆ ಬಂತು. 70 ದಾಟಿದವರು, ಇಲ್ಲಾ 25 ವರ್ಷ ಬಂದೂಕು ಇಟ್ಟುಕೊಂಡವರು ವಾರಸುದಾರರಿಗೆ ಕೊಡೋದಕ್ಕೆ 2016ರ ಶಸ್ತ್ರ ನಿಯಮಗಳಲ್ಲಿ ದಾರಿ ಇದೆ. ಅದಕ್ಕೂ ಮೊದಲು ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ಹೋಗಿ ಸರ್ಟಿಫಿಕೇಟ್ ತಂದಿದ್ದೆ. ಅಲ್ಲಿ ಕಲಿತದ್ದು ಅಪ್ಪ ಇಪ್ಪತ್ತು ವರ್ಷದಲ್ಲಿ ಹೇಳಿಕೊಟ್ಟದ್ದಕ್ಕಿಂತ ಜಾಸ್ತಿ. ಅಪ್ಪನ ಮುಂದೆ ಮಾತ್ರ ಹಂಗೆ ಹೇಳಿಲ್ಲ.

ಇಷ್ಟರಲ್ಲಿ ನನ್ನ ತಲೆ ಕೆಡಿಸಿದ್ದು ಟೆಕ್ಸಾಸಿನಲ್ಲಿರುವ ದೊಡ್ಡಪ್ಪನ ಮಗ. ಅವನ ಹತ್ತಿರ ರೂಗರ್ ಕಂಪನಿಯ ಪಿಸಿ ಕಾರ್ಬೈನ್ ಇದೆ. ಪಿಸ್ತೂಲಿಗೆ ಹಾಕುವ 9 ಎಂಎಂ ಗುಂಡನ್ನೇ ಹೊಡೆಯುವ ಸಣ್ಣ ರೈಫಲ್. 16 ಇಂಚಿನ ಬ್ಯಾರೆಲ್, ತೂಕ 3 ಕೆಜಿ ಚಿಲ್ಲರೆ, ಒಂದು ಲಿವರ್ ಒತ್ತಿ ತಿರುವಿದರೆ ಎರಡು ತುಂಡು. ಶಾಲೆ ಮಕ್ಕಳ ಬ್ಯಾಗಿನಂಥ ಚೀಲದಲ್ಲಿ ಹಿಡಿಯುತ್ತದೆ. ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ಕೂರುವ ಜಾಗವನ್ನು ಬದಲಿಸಿದರೆ ಗ್ಲಾಕ್ ಪಿಸ್ತೂಲಿನ ಮ್ಯಾಗಜೀನೂ ನಡೆಯುತ್ತದಂತೆ. ವಾರಕ್ಕೊಂದು ಸಲ ವಿಡಿಯೋ ಕಾಲ್ ಮಾಡಿ, "ನೋಡೋ ತಮ್ಮಾ, ಈ ಸಲ ರೆಡ್ ಡಾಟ್ ಹಾಕಿಸೀನಿ", "ನೋಡು, ಲೈಟ್ ಹಚ್ಚೀನಿ" ಅಂತ ತೋರಿಸುತ್ತಿದ್ದ. ರೆಡ್ ಡಾಟ್ ಅಂದರೆ ಗುರಿ ಹಿಡಿಯೋಕೆ ಕೆಂಪು ಚುಕ್ಕಿ ತೋರಿಸುವ ಗಾಜು. ಫಾರ್ಮ್ ತುಂಬಿ, ತಪಾಸಣೆ ಮುಗಿಸಿ, ಅದೇ ದಿನ ಅಂಗಡಿಯಿಂದ ಮನೆಗೆ ತಂದನಂತೆ. ನಮ್ಮಲ್ಲಿ 9 ಎಂಎಂ ಅಂದರೆ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ಅಳತೆ. ಒಂದಾದ ಮೇಲೊಂದು ತಾನೇ ಗುಂಡು ತುಂಬಿಕೊಳ್ಳುವ ಅಂಥ ರೈಫಲ್ಲಂತೂ ನಮ್ಮಂಥವರಿಗೆ ಸಿಗುವ ಮಾತೇ ಇಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳೋಕೆ ಕೊಡಗಿನವರಿಗಿರುವ ವಿನಾಯಿತಿಯೂ ನಮಗಿಲ್ಲ. ಹಾಗಾಗಿ ಹೊಟ್ಟೆಕಿಚ್ಚನ್ನು ಬೇರೆ ದಾರಿಯಲ್ಲಿ ತೀರಿಸಿಕೊಂಡೆ. ನಮ್ಮದೂ ಬಿಚ್ಚುವ ಬಂದೂಕೇ ಅಲ್ವಾ, ಅದಕ್ಕೂ ಸಾಮಾನು ಹಾಕಿಸೋಣ ಅಂತ ಶುರು ಮಾಡಿದೆ.

ನಿಜವಾಗಿಯೂ ಡಬಲ್ ಬ್ಯಾರೆಲ್ ಬಿಚ್ಚುವಷ್ಟು ಸುಲಭ ಬೇರೆ ಯಾವ ಬಂದೂಕೂ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಮೊದಲು ಮುರಿದು, ಅಂದರೆ ನಡುವೆ ಬಾಗಿಸಿ ತೆರೆದು, ಎರಡೂ ನಳಿಕೆ ಖಾಲಿ ಇದೆಯಾ ನೋಡಬೇಕು, ಬೆರಳು ಹಾಕಿಯೂ ನೋಡಬೇಕು. ಆಮೇಲೆ ಮುಚ್ಚಿ, ನಳಿಕೆ ಕೆಳಗಿನ ಮರದ ಹಿಡಿಕೆ ಎಳೆದರೆ ಅದು ಕೈಗೆ ಬರುತ್ತದೆ. ಮೇಲಿನ ಲಿವರ್ ಪಕ್ಕಕ್ಕೆ ತಳ್ಳಿದರೆ ನಳಿಕೆ ಕೊಕ್ಕೆ ಬಿಡಿಸಿಕೊಂಡು ಕೆಳಗೆ ಇಳಿಯುತ್ತದೆ. ಮೂರು ತುಂಡು, ಹತ್ತು ಸೆಕೆಂಡು, ಸ್ಕ್ರೂ ಡ್ರೈವರ್ ಬೇಡ, ಏನೂ ಬೇಡ. ಒಂದೇ ಎಚ್ಚರಿಕೆ: ಹಿಡಿಕೆ ತೆಗೆದ ಮೇಲೆ ನಳಿಕೆಯನ್ನು ಹಿಡಿದುಕೊಳ್ಳೋದು ಏನೂ ಇರೋದಿಲ್ಲ. ನಾನು ಮೊದಲ ವಾರವೇ ಅಂಗಳದ ಕಲ್ಲಿನ ಮೇಲೆ ಬೀಳಿಸಿ ತುದಿಯ ಹತ್ತಿರ ಒಂದು ಗೆರೆ ಬೀಳಿಸಿದೆ. ಅಪ್ಪ ಎರಡು ದಿನ ಮಾತಾಡಲಿಲ್ಲ.

ಕೊರತೆ ಅಂದರೆ ಉದ್ದ. ನಳಿಕೆಯೇ 30 ಇಂಚು, ಬಿಚ್ಚಿದರೂ ಅದು 30 ಇಂಚೇ. ಅಣ್ಣನ ಶಾಲೆ ಚೀಲದ ಆಟ ಇಲ್ಲಿ ನಡೆಯೋದಿಲ್ಲ. ಆದರೆ ಬೈಕಿನ ಮೇಲೆ ಬೆನ್ನಿಗೆ ಅಡ್ಡ ಹಾಕಿಕೊಂಡರೆ ಯಾರಿಗೂ ಬಂದೂಕು ಅನ್ನಿಸೋದಿಲ್ಲ. ಕಲಘಟಗಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ತಂಬೂರಿ ಅಂದುಕೊಂಡು, "ಎಲ್ಲೆ ಭಜನಿ ಐತ್ರಿ?" ಅಂತ ಕೇಳಿದ್ದರು. ಧಾರವಾಡ ಸೀಮೆಯಲ್ಲಿ ಅದು ಸಹಜವೇ ಬಿಡಿ.

ಇನ್ನು ಸಾಮಾನಿನ ವಿಷಯ. ಮೊದಲು ತರಿಸಿದ್ದು ಟಾರ್ಚ್ ಮತ್ತು ಅದನ್ನು ನಳಿಕೆಗೆ ಕಚ್ಚಿಸುವ ಕ್ಲಾಂಪ್, ಆನ್‌ಲೈನಿನಲ್ಲಿ 1,450 ರೂಪಾಯಿ. ಕ್ಲಾಂಪ್ ಇದ್ದದ್ದು ಒಂದು ದುಂಡನೆಯ ಪೈಪಿಗೆ. ನಮ್ಮದು ಎರಡು ಪೈಪು, ನಡುವೆ ಪಟ್ಟಿ. ಸೈಕಲ್ ಟ್ಯೂಬ್ ತುಂಡು ಸುತ್ತಿ ಬಿಗಿದೆ. ರಾತ್ರಿ ಹೊಲಕ್ಕೆ ಹಂದಿ ಬಂದಾಗ ಸದ್ದಿಗೆ ಅಂತ ಒಂದು ಹೊಡೆದೆ, ಟಾರ್ಚ್ ಎರಡು ಇಂಚು ಮುಂದಕ್ಕೆ ಜಾರಿತು. ಎರಡನೆಯದಕ್ಕೆ ಹಾರಿ ಭತ್ತದ ಗದ್ದೆಗೆ ಬಿತ್ತು, ಕೆಸರಿನಲ್ಲಿ ಒಳಗಿಂದ ಬೆಳಕು ಬಿಡುತ್ತಾ ಕೂತಿತ್ತು. ಹಂದಿ ಹೋದವು. ಟಾರ್ಚ್ ಹುಡುಕುವಷ್ಟರಲ್ಲಿ ಗದ್ದೆಯನ್ನು ಹಂದಿಗಿಂತ ಜಾಸ್ತಿ ನಾನೇ ತುಳಿದಿದ್ದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಟಾರ್ಚ್ ಬಂದೂಕಿನ ಮೇಲಿದ್ದರೆ, ಏನಿದೆ ಅಂತ ನೋಡೋದಕ್ಕೂ ಅತ್ತ ಬಂದೂಕನ್ನೇ ತಿರುಗಿಸಬೇಕಾಗುತ್ತದೆ. ಅಲ್ಲಿ ನೀರು ತಿರುವೋಕೆ ಬಂದ ಪಕ್ಕದ ಹೊಲದವನು ಇದ್ದರೆ? ಈಗ ತಲೆಗೆ ಕಟ್ಟುವ ಬ್ಯಾಟರಿ ಸಾಕು, 300 ರೂಪಾಯಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ತಂದೆ.

ಅಂದ ಹಾಗೆ, ಹಂದಿಗೆ ಗುರಿ ಇಟ್ಟು ಹೊಡೆಯೋದು ಬೇರೆ ಮಾತು. ಬಂದೂಕಿನ ಲೈಸೆನ್ಸ್ ಇದ್ದರೆ ಅದು ಬೇಟೆಯ ಲೈಸೆನ್ಸ್ ಆಗೋದಿಲ್ಲ, 1972ರ ವನ್ಯಜೀವಿ ಕಾಯ್ದೆ ತಲೆ ಮೇಲಿದೆ. ನವಿಲು ಬಂದು ಬೀಜ ತಿಂದರೂ ಸುಮ್ನೆ ಚಪ್ಪಾಳೆ ತಟ್ಟಬೇಕು. ಮದುವೆಯಲ್ಲಿ "ಒಂದು ಹಾರಿಸೋ" ಅನ್ನುವ ಬೀಗರಿಗೂ ಹೇಳಿಬಿಡಿ, 2019ರ ತಿದ್ದುಪಡಿ ಆದ ಮೇಲೆ ಸಂಭ್ರಮಕ್ಕೆ ಗುಂಡು ಹಾರಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ ಎರಡು ವರ್ಷದ ತನಕ ಜೈಲು, ಇಲ್ಲಾ ಲಕ್ಷದ ತನಕ ದಂಡ, ಇಲ್ಲಾ ಎರಡೂ.

ಎರಡನೆಯದು ಭುಜಕ್ಕೆ ರಬ್ಬರ್. 12 ಬೋರಿನ ಒದೆತ ತಿಂದವರಿಗೆ ಗೊತ್ತು, ಸರಿಯಾಗಿ ಒತ್ತಿ ಹಿಡಿಯದಿದ್ದರೆ ಮರುದಿನ ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ತರಿಸಿದ್ದ ರಬ್ಬರ್ ಟೊಪ್ಪಿ ದಪ್ಪ ಇತ್ತು. ಹಾಕಿದ ಮೇಲೆ ಬಟ್, ಅಂದರೆ ಭುಜಕ್ಕೆ ಒತ್ತುವ ಹಿಂದಿನ ಮರ, ಒಂದು ಇಂಚು ಉದ್ದ ಆಯಿತು, ಮಳೆಗಾಲದಲ್ಲಿ ಜಾಕೆಟ್ ಮೇಲೆ ಎತ್ತುವಾಗ ಕಂಕುಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ತೆಗೆದು ಬಿಸಾಕಿದೆ. ಚಪ್ಪಲಿ ಹೊಲಿಯುವವರ ಹತ್ತಿರ, ಅಟ್ಟೆಗೆ ಹಾಕುವ ಸ್ಪಂಜಿನಂಥ ರಬ್ಬರ್ ಹಾಳೆ ಇರುತ್ತದಲ್ಲ, ಅದನ್ನೇ ಬಟ್ಟಿನ ಅಳತೆಗೆ ಕೊಯ್ದು ಮೇಲೆ ತೊಗಲಿನ ಗವಸು ಹೊಲಿಸಿದೆ. 120 ರೂಪಾಯಿ. ನೋಡೋಕೆ ಅಷ್ಟಕ್ಕಷ್ಟೇ. ಕೆಲಸಕ್ಕೆ ನೂರಕ್ಕೆ ನೂರು.

ಅದೇ ಖುಷಿಯಲ್ಲಿ ಅವರ ಕೈಲೇ ಕಾಡತೂಸು ಸಿಕ್ಕಿಸುವ ತೊಗಲಿನ ಬೆಲ್ಟ್ ಕೂಡ ಮಾಡಿಸಿದೆ. ಇದು ಅವರ ತಪ್ಪಲ್ಲ, ನನ್ನ ದಡ್ಡತನ. ಬೆಲ್ಟ್ ಚೆಂದ ಇತ್ತು, ಫೋಟೋನೂ ಹಾಕಿದ್ದೆ. ಕಾಡತೂಸು ಅದರಲ್ಲೇ ಬಿಟ್ಟು ಮಳೆಗಾಲ ಕಳೆದೆ. ತೊಗಲಿನ ಹುಳಿಗೆ ಕಾಡತೂಸಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದು, ಎರಡು ಕಾಡತೂಸು ನಳಿಕೆಗೆ ಇಳಿಯಲೇ ಇಲ್ಲ. ಪುಣೆಯ ಖಡಕಿ ಕಾರ್ಖಾನೆಯ ಶಕ್ತಿಮಾನ್ ಕಾಡತೂಸು ಇವು, ಈಗ ಅಗ್ಗಕ್ಕೇನೂ ಸಿಗೋದಿಲ್ಲ. ಈಗ ಅವು ಬೀಗ ಇರುವ ಪೆಟ್ಟಿಗೆಯಲ್ಲಿ, ಧಾರವಾಡ ಪೇಢೆಯ ಡಬ್ಬಿಯೊಳಗೆ ಒಣಗಿದ್ದು ಒಣಗಿದಂತೆ ಇವೆ. ಬೆಲ್ಟ್ ದಸರೆಗೆ ಮಗನ ವೇಷಕ್ಕೆ.

ಅಂದಹಾಗೆ ಹಳೇ ಬಂದೂಕು ತಗೊಳ್ಳುವವರು ಕಾಡತೂಸು ಕೂರುವ ಗೂಡಿನ ಅಳತೆಯನ್ನು ನಳಿಕೆ ಮೇಲೆ ಓದಿಕೊಳ್ಳಿ. ನಮ್ಮದು 70 ಎಂಎಂ. ಹಳೇ ವಿಲಾಯತಿ ಬಂದೂಕುಗಳಲ್ಲಿ 65 ಇರೋದೂ ಉಂಟು. ಅದಕ್ಕೆ 70ರದ್ದು ಹಾಕಿದರೂ ಒಳಗೆ ಕೂರುತ್ತದೆ, ಅದೇ ಮೋಸ. ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತದೆ. ಇನ್ನೊಂದು ಪರೀಕ್ಷೆ, ಹಿಡಿಕೆ ತೆಗೆದು, ಬಟ್ ಹಿಡಿದು ನಳಿಕೆಯನ್ನು ಎಡಬಲ ಅಲುಗಾಡಿಸಿ. ಲಟಲಟ ಅಂದರೆ ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿಸಲಿ.

ಈಗ ಚೀಲ. ನಾನು ಖರ್ಚು ಮಾಡಿದ್ದರಲ್ಲಿ ಎದೆ ತಟ್ಟಿ ಹೇಳಿಕೊಳ್ಳುವಂಥದ್ದು ಇದೊಂದೇ. ಹುಬ್ಬಳ್ಳಿಯಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿಯುವ ಒಬ್ಬರು ಸಿಕ್ಕರು. ಬಂದೂಕಿನ ಚೀಲ ಅಂದರೆ ಮೊದಲು ಹೆದರಿದರು. ಲೈಸೆನ್ಸ್ ತೋರಿಸಿದೆ, ನಳಿಕೆಯ ಅಳತೆಗೆ ಒಂದು ಪಿವಿಸಿ ಪೈಪ್ ಒಯ್ದಿದ್ದೆ. "ಹಂಗಂದ್ರ ಇದು ಬಾಜಾ ಪೆಟಗಿ ಇದ್ದಂಗ ಆತಲ್ರಿ" ಅಂದವರು, ಮೂರು ಖಾನೆ ಮಾಡಿ, ದಪ್ಪ ಕ್ಯಾನ್ವಾಸಿನಲ್ಲಿ, ಲಾರಿ ಹಗ್ಗದ ಕಣ್ಣುಗಳಿಗೆ ಹಾಕುವ ಹಿತ್ತಾಳೆ ಬಳೆ ಹಾಕಿ, ಅಂಚಿಗೆ ಎರಡು ಹೊಲಿಗೆ ಹೊಡೆದು ಕೊಟ್ಟರು. 900 ರೂಪಾಯಿ. ನಳಿಕೆ ಒಂದು ಕಡೆ, ಬಟ್ ಇನ್ನೊಂದು ಕಡೆ, ಹಿಡಿಕೆ ಮೇಲಿನ ಜೇಬಿನಲ್ಲಿ, ಒಂದಕ್ಕೊಂದು ತಾಗೋದಿಲ್ಲ. ಮೇಲೆ ಸಣ್ಣ ಬೀಗ. ಸಾರ್ವಜನಿಕ ಜಾಗದಲ್ಲಿ ಬಂದೂಕು ಮುಚ್ಚಿಯೇ ಒಯ್ಯಬೇಕು, ಆ ಕೆಲಸವೂ ಆಯಿತು. ಒಂದೇ ಮಾತು: ಇದು ಒಯ್ಯುವ ಚೀಲ, ಇಡುವ ಚೀಲ ಅಲ್ಲ. ಬಟ್ಟೆ ನೀರು ಕುಡಿಯುತ್ತದೆ, ನಮ್ಮ ಕಡೆ ಜುಲೈ ತಿಂಗಳಿನಲ್ಲಿ ಗೋಡೆಯೇ ಬೆವರುತ್ತದೆ. ಮನೆಗೆ ಬಂದ ಕೂಡಲೇ ಹೊರಗೆ ತೆಗೆಯಬೇಕು. ನಾನು ನಳಿಕೆ ಒಂದು ಕಪಾಟಿನಲ್ಲಿ, ಬಟ್ ಇನ್ನೊಂದರಲ್ಲಿ ಇಡುತ್ತೇನೆ, ಎರಡಕ್ಕೂ ಬೇರೆ ಬೇರೆ ಕೀಲಿ. ಮನೆಯಲ್ಲಿ ಮಕ್ಕಳಿದ್ದಾರೆ. ಮೂರು ತುಂಡಾಗೋದರ ನಿಜವಾದ ಲಾಭ ನನಗೆ ಕಂಡದ್ದು ಇದರಲ್ಲೇ.

ಆಮೇಲೆ ಆ ಸ್ಟೇಷನ್ ಕಥೆ. ಚುನಾವಣೆ ಬಂತೆಂದರೆ ಬಂದೂಕು ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ಬೇಸಿಗೆ ನಮ್ಮ ಬಂದೂಕು ಅಲ್ಲೇ ಇತ್ತು. ಮೊದಲ ಸಲ ಬಿಚ್ಚಿಯೇ ಕೊಟ್ಟೆ. ವಾಪಸ್ ತಂದು ಜೋಡಿಸೋಕೆ ಹೋದರೆ ನಳಿಕೆ ಕೂರುತ್ತಲೇ ಇಲ್ಲ. ಅರ್ಧ ಗಂಟೆ ಬೆವರು ಸುರಿಸಿದೆ. ಆಗಿದ್ದೇನು ಅಂದರೆ, ಬಿಚ್ಚಿದ ಬಟ್ ಕೈಗೆ ಸಿಕ್ಕಾಗ ಯಾರೋ ಸುಮ್ನೆ ಟ್ರಿಗರ್ ಒತ್ತಿ ನೋಡಿದ್ದಾರೆ. ಒಳಗಿನ ಕುದುರೆ, ಅಂದರೆ ಕಾಡತೂಸಿಗೆ ಬಡಿಯುವ ಸುತ್ತಿಗೆ, ಬಿದ್ದಿದೆ. ಈ ಥರದ ಬಂದೂಕಿನಲ್ಲಿ ನಳಿಕೆ ಮುರಿದಾಗಲೇ ಕುದುರೆ ಏರೋದು. ನಳಿಕೆ ಇಲ್ಲದೆ ಕುದುರೆ ಬಿದ್ದರೆ, ಮುಂದೆ ಚಾಚಿಕೊಂಡ ಎರಡು ಸಣ್ಣ ಸನ್ನೆಗಳು ದಾರಿ ಬಿಡೋದಿಲ್ಲ. ರಿಪೇರಿ ಮಾಡುವವರು ಆ ಸನ್ನೆಗಳನ್ನು ಮರದ ಮೇಜಿನ ಅಂಚಿಗೆ ಒತ್ತಿ, ಟಕ್ ಟಕ್ ಅಂತ ಎರಡು ಸದ್ದು ಬರಿಸಿ, ಒಂದು ನಿಮಿಷದಲ್ಲಿ ಕೂರಿಸಿಕೊಟ್ಟರು. ದುಡ್ಡು ಕೇಳಲಿಲ್ಲ, ಚಹಾ ಕುಡಿಸಿದೆ. ನಳಿಕೆಯ ಹೊರಗೆ ಒಂದಷ್ಟು ತುಕ್ಕಿನ ಚುಕ್ಕಿಯೂ ಬಂದಿದ್ದವು. ಎರಡನೇ ಸಲ ಕೊಡುವ ಮೊದಲು ಒಳಗೆ ಹೊರಗೆ ದಪ್ಪ ಎಣ್ಣೆ ಬಳಿದು, ಬಟ್ಟಿಗೆ "ಟ್ರಿಗರ್ ಒತ್ತಬೇಡಿ" ಅಂತ ಚೀಟಿ ಕಟ್ಟಿದೆ. ಸಾಹೇಬರು ಓದಿ ನಕ್ಕರು. ಯಾರೂ ಒತ್ತಿರಲಿಲ್ಲ.

ಎಣ್ಣೆಗೆ ವಿಲಾಯತಿ ಸ್ಪ್ರೇ ಎಲ್ಲ ಬೇಕಾಗಿಲ್ಲ. ಹೊಲಿಗೆ ಮಷೀನಿನ ಎಣ್ಣೆ ಸಾಕು, ತೆಳ್ಳಗೆ. ನಳಿಕೆ ಒರೆಸೋಕೆ ಮೂರು ತುಂಡಿನ ಗಜಕಡ್ಡಿ, ತಂತಿಯ ಬ್ರಷ್, ಉಣ್ಣೆಯ ಬ್ರಷ್, ಇಷ್ಟಕ್ಕೆ 600 ರೂಪಾಯಿ ಕೊಟ್ಟದ್ದು ದಂಡ ಆಗಿಲ್ಲ. ತುಕ್ಕಿನ ದೊಡ್ಡ ಶತ್ರು ಮಳೆ ಅಂದುಕೊಂಡಿದ್ದೆ. ಅಲ್ಲ, ಖಂಡೇ ಪೂಜೆ. ಅಮ್ಮ ಹಸಿ ಕುಂಕುಮ, ವಿಭೂತಿ ಹಚ್ಚಿ, ಮೇಲೆ ಹೂವಿನ ನೀರು ಚಿಮುಕಿಸಿ, ಬನ್ನಿ ಕೊಟ್ಟು ಮುಗಿಯುವ ತನಕ ಮುಟ್ಟಬೇಡ ಅಂತಾರೆ. ಎರಡು ದಿನಕ್ಕೆ ನಳಿಕೆ ಮೇಲೆ ಮೂರು ಬೆರಳಿನ ಗುರುತು ಶಾಶ್ವತವಾಗಿ ಕೂತಿದೆ. ಈಗ ಒಪ್ಪಂದ ಆಗಿದೆ, ಕುಂಕುಮ ಮರದ ಬಟ್ಟಿಗೆ ಮಾತ್ರ.

ಒಟ್ಟು ಲೆಕ್ಕ ಹಾಕಿದರೆ ಐದು ಸಾವಿರದ ಹತ್ತಿರ ಹೋಗಿದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಾಕಿದ ಸಾಮಾನಿಗೆ. ಅಣ್ಣನಿಗೆ ಚೀಲ ತೋರಿಸಿದೆ. ಅವನ ರೆಡ್ ಡಾಟ್ ಒಂದರ ಬೆಲೆಗೆ ಇಂಥ ಚೀಲ ಎಷ್ಟು ಬರುತ್ತವೆ ಅಂತ ಲೆಕ್ಕ ಹೇಳಿದೆ. ಅವನ ಫೋನ್ ಎರಡು ವಾರದಿಂದ ಬಂದಿಲ್ಲ.

ಇನ್ನೊಂದು ಬಾಕಿ ಇದೆ. ಇಡುವ ಮೊದಲು ಕುದುರೆಯ ಸ್ಪ್ರಿಂಗ್ ಸಡಿಲ ಮಾಡೋಕೆ ಸ್ನ್ಯಾಪ್ ಕ್ಯಾಪ್ ಅಂತ ಸಿಗುತ್ತದೆ, ಮದ್ದಿಲ್ಲದ ಡಮ್ಮಿ ಕಾಡತೂಸು. ಸದ್ಯ ಹೊಡೆದ ಎರಡು ಖಾಲಿ ಕಾಡತೂಸಿಗೆ ಹೆಂಡತಿಯ ಕೆಂಪು ಉಗುರುಬಣ್ಣ ಬಳಿದು, ಅದರಲ್ಲೇ ನಡೆಸುತ್ತಿದ್ದೇನೆ. 12 ಬೋರಿನದು ಒಂದು ಜೋಡಿ ಹುಬ್ಬಳ್ಳಿಯಲ್ಲಿ ಎಲ್ಲಾದರೂ ಕಂಡರೆ ತಿಳಿಸಿ, ಭಾನುವಾರ ಬಂದು ಒಯ್ಯುತ್ತೇನೆ.