ಡೇರೆ ಗೆಡ್ಡೆಯ ಜೊತೆ ಬಂದ ಮಣ್ಣು

ಹೂವಿನ ಗಿಡ, ಗೆಡ್ಡೆಗಳನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳುವ ಎಲ್ಲರಲ್ಲೂ ನನ್ನದೊಂದು ಕೋರಿಕೆ: ಗಿಡವನ್ನು ತನ್ನಿ, ಅದರ ಬೇರಿಗೆ ಅಂಟಿದ ಮಣ್ಣನ್ನು ಮಾತ್ರ ತರಬೇಡಿ. ಒಂದು ಹಿಡಿ ಮಣ್ಣಿನಿಂದ ನಮ್ಮ ಅಂಗಳ, ಹಿತ್ತಿಲು, ಕೊನೆಗೆ ಅಡಿಕೆ ತೋಟದೊಳಗಿನ ಮೆಣಸಿನ ಬಳ್ಳಿಯವರೆಗೆ ಏನಾಯಿತು ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಡೇಲಿಯಾವನ್ನು ನಮ್ಮ ಕಡೆ ಡೇರೆ ಎನ್ನುತ್ತೇವೆ. ಬೇಸಿಗೆಯಲ್ಲಿ ಮದುವೆ, ಉಪನಯನಗಳಿಗೆ ಹೋದ ಹೆಂಗಸರು ಮರಳಿ ಬರುವಾಗ ಅವರ ಕೈಚೀಲದಲ್ಲಿ ಒಂದೆರಡು ಡೇರೆ ಗೆಡ್ಡೆ ಇದ್ದೇ ಇರುತ್ತದೆ. ನಮ್ಮ ಅತ್ತೆಯವರ ಕಾಲದಿಂದ ಅಂಗಳದಲ್ಲಿರುವ ಕಡುಗೆಂಪು ಡೇರೆಯೂ ಹೀಗೆಯೇ ಬಂದದ್ದು. ದುಡ್ಡು ಕೊಟ್ಟು ಡೇರೆ ಕೊಂಡದ್ದು ನನಗೆ ನೆನಪಿಲ್ಲ.

2022ರ ಮೇ ತಿಂಗಳಲ್ಲಿ ನೆಂಟರ ಪೈಕಿಯ ಹಿರಿಯರೊಬ್ಬರ ಮನೆಗೆ ನನ್ನಲ್ಲಿದ್ದ ಆರು ಬಗೆಯ ಗೆಡ್ಡೆಗಳನ್ನು ಒಯ್ದು, ಅವರಿಂದ ಹದಿನಾಲ್ಕು ಬಗೆಯವನ್ನು ತಂದೆ. ಎಲ್ಲವೂ ಆಗಲೇ ಚಿಗುರಿದ್ದವು. ಬೇರು ಅಲುಗಬಾರದೆಂದು ಅವರು ಪ್ರತಿಯೊಂದನ್ನೂ ಮಣ್ಣುಸಹಿತ ಎತ್ತಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟು, ಮೇಲೆ ಇನ್ನೊಂದು ಹಿಡಿ ಮಣ್ಣು ಒತ್ತಿ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಅವರ ಹಿತ್ತಿಲಲ್ಲಿ ಎರಡು ವರ್ಷದಿಂದ ಬೆಂಡೆ ಗಿಡ ಮೇಲೇಳುತ್ತಿರಲಿಲ್ಲ, ಮಣ್ಣು ಸತ್ತಿದೆಯೆಂದು ಅವರು ಸುಮ್ಮನಾಗಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ವರ್ಷ ಚೌತಿಯ ಹೊತ್ತಿಗೆ ಅಂಗಳ ತುಂಬ ಹೂವು. ಹಾಗಾಗಿಯೇ ನಾನು ಮೋಸಹೋದೆ. ಮರುವರ್ಷ ಅದೇ ಗೆಡ್ಡೆಗಳ ಗಿಡಗಳು ಮೊಳಕಾಲೆತ್ತರಕ್ಕೆ ನಿಂತು, ಎಲೆ ಬಿಳಿಚಿ, ಮಳೆ ಬಿಡುವು ಕೊಟ್ಟ ದಿನ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತಿದ್ದವು. ಗೊಬ್ಬರ ಸಾಲದೆಂದು ಮತ್ತೆ ಮತ್ತೆ ಗೊಬ್ಬರ ಹಾಕಿದೆ. ಡಿಸೆಂಬರಿನಲ್ಲಿ ಗೆಡ್ಡೆ ಕೀಳುವಾಗ ಸಣ್ಣ ಬೇರುಗಳ ತುಂಬ ಮಣಿ ಪೋಣಿಸಿದಂತೆ ಗಂಟುಗಳಿದ್ದವು, ಆದರೆ ಗೆಡ್ಡೆಯ ಗಿಡದ ಬೇರು ಉಬ್ಬಿರುವುದನ್ನು ಕಂಡು ಅನುಮಾನಪಡಬೇಕೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ನಾನು ಮಾಡಿದ ದೊಡ್ಡ ತಪ್ಪೆಂದರೆ, ಕುಂಡಗಳ ಹಳೆಯ ಮಣ್ಣನ್ನು ಬಿಸಾಡುವುದೇಕೆಂದು ಒಂದಿಷ್ಟನ್ನು ಬದನೆ, ಬೆಂಡೆಯ ಪಾತಿಗೆ ಹರಡಿ, ಉಳಿದದ್ದನ್ನು ಮೆಣಸಿನ ಕುಡಿ ಬೇರುಬರಿಸುವ ಅರವತ್ತು ಕೊಟ್ಟೆಗಳಿಗೆ ತುಂಬಿಸಿದ್ದು.

ಬದನೆಯೂ ಬೆಂಡೆಯೂ ಕುಂಟಿದ ಮೇಲೆ ಬೇರುಗಳನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿದೆ. ಅದು ಬೇರುಗಂಟಿನ ಜಂತುಹುಳು. ಮಣ್ಣಿನಲ್ಲಿ ಬರಿಗಣ್ಣಿಗೆ ಕಾಣದ ಈ ಹುಳು ಎಳೆಯ ಬೇರಿನ ತುದಿಯಿಂದ ಒಳಹೊಕ್ಕು, ಅಲ್ಲಿಯೇ ನೆಲೆನಿಂತು, ಸುತ್ತಲಿನ ಜೀವಕೋಶಗಳು ಉಬ್ಬುವಂತೆ ಮಾಡಿ ಗಿಡದ ಆಹಾರವನ್ನು ಹೀರುತ್ತದೆ; ಒಂದೊಂದು ಹೆಣ್ಣು ಅಂಟಿನಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ, ನಮ್ಮ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ ಮುಗಿಯುತ್ತದೆ. ಇದು ಬಾಧಿಸಬಲ್ಲ ಸಸ್ಯಗಳು 2,000ಕ್ಕೂ ಹೆಚ್ಚು. ಆದರೆ ತಾನಾಗಿ ಒಂದು ಮಾರು ದೂರ ಹೋಗಲೂ ಅದಕ್ಕೆ ಬಹಳ ಕಾಲ ಬೇಕು. ಊರಿಂದ ಊರಿಗೆ ಅದನ್ನು ದಾಟಿಸುವುದು ಬೇರಿನ ಗಿಡ, ಗುದ್ದಲಿಗೆ ಮೆತ್ತಿದ ಮಣ್ಣು ಮತ್ತು ಹರಿಯುವ ನೀರು.

ಮಲೆನಾಡಿನಲ್ಲಿ ಮನೆ ಮೇಲೆ, ತೋಟ ಕೆಳಗೆ. ಅಂಗಳದ ಮಳೆನೀರೆಲ್ಲ ಇಳಿಯುವುದು ತೋಟಕ್ಕೆ. ಕಾಳುಮೆಣಸಿನ ಬಳ್ಳಿ ವರ್ಷಗಟ್ಟಲೆ ಹಳದಿಯಾಗುತ್ತ ಸಾಯುವ ನಿಧಾನ ಸೊರಗು ರೋಗಕ್ಕೆ ಜಂತುಹುಳುಗಳೂ ಕಾರಣ ಎಂಬುದು ಗೊತ್ತಾದ ದಿನ ನನಗೆ ನಿದ್ರೆ ಬರಲಿಲ್ಲ. ಕೊಟ್ಟೆಗಳಲ್ಲಿ ಉಳಿದಿದ್ದ ಬಳ್ಳಿಗಳನ್ನೆಲ್ಲ ಸುಟ್ಟೆವು. ಅದಕ್ಕೆ ಮೊದಲೇ ತೋಟದಲ್ಲಿ ನೆಟ್ಟಿದ್ದ ಹನ್ನೊಂದರಲ್ಲಿ ಏಳು ಹಳದಿಯಾಗಿವೆ.

ಚಿಗುರೊಡೆಯುವ ಕಣ್ಣಿಲ್ಲದ ಗೆಡ್ಡೆ ಸಿಕ್ಕರೆ, ಹೇಳಿದ ಬಣ್ಣ ಬಾರದಿದ್ದರೆ ಅದು ಒಂದು ಮಳೆಗಾಲದ ಬೇಸರ. ಮಣ್ಣಿನದು ಹಾಗಲ್ಲ. ನೀಲಗಿರಿಯಲ್ಲಿ 1961ರಲ್ಲಿ ಆಲೂಗಡ್ಡೆಯ ಬೇರೊಂದು ಜಂತುಹುಳು ಪತ್ತೆಯಾಗಿ, ಅಲ್ಲಿಯ ಬಿತ್ತನೆ ಗೆಡ್ಡೆಯನ್ನು ಹೊರಗೆ ಸಾಗಿಸುವುದಕ್ಕೇ ಸರ್ಕಾರ ನಿರ್ಬಂಧ ಹಾಕಬೇಕಾಯಿತು. ವಿದೇಶದಿಂದ ಬರುವ ಮಕ್ಕಳು ಸೂಟ್‌ಕೇಸಿನಲ್ಲಿ ಗೆಡ್ಡೆ ತರುವುದನ್ನೂ ದಯವಿಟ್ಟು ಪ್ರೋತ್ಸಾಹಿಸಬೇಡಿ. 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಅದಕ್ಕೆ ಪರವಾನಗಿಯೂ ಸಸ್ಯಾರೋಗ್ಯದ ಪ್ರಮಾಣಪತ್ರವೂ ಬೇಕು.

ಈಗ ನಾನು ಬೇರಿರುವ ಯಾವ ಗಿಡವನ್ನೂ ಬೇರು ನೋಡದೆ ಪಡೆಯುವುದಿಲ್ಲ. ಅಲಸಂದೆ, ಹುರುಳಿಯ ಬೇರಿನಲ್ಲಿ ಸಹಜವಾಗಿಯೇ ಇರುವ ಗಂಟುಗಳು ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿನಿಂದ ಉಜ್ಜಿದರೆ ಉದುರುತ್ತವೆ. ಹುಳುವಿನ ಗಂಟು ಬೇರೇ ಊದಿಕೊಂಡದ್ದಾದ್ದರಿಂದ ಉದುರುವುದಿಲ್ಲ. ಗೆಡ್ಡೆಯಾದರೆ ಮಣ್ಣನ್ನು ಪೂರ್ತಿ ತೊಳೆದು, ಎಳೆಬೇರುಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿ, ತೊಳೆದ ನೀರನ್ನು ಕುದಿಸಿಯೇ ಚೆಲ್ಲುತ್ತೇನೆ. ಇದರಿಂದಲೂ ಪೂರ್ಣ ಭರವಸೆ ಇಲ್ಲ, ಏಕೆಂದರೆ ಹುಳು ಗೆಡ್ಡೆಯೊಳಗೂ ಉಳಿದಿರಬಹುದು. ಆದ್ದರಿಂದ ಡೇರೆಯ ಚಿಗುರು ನಾಲ್ಕು ಬೆರಳಿನಷ್ಟು ಬೆಳೆದಾಗ ಮಣ್ಣು ತಾಗದ ಕುಡಿಯನ್ನು ಕತ್ತರಿಸಿ, ಶುದ್ಧವಾದ ಮರಳಿನಲ್ಲಿ ನೆರಳಿಗಿಟ್ಟು ಬೇರು ಬರಿಸಿಕೊಳ್ಳುವುದೇ ಎಲ್ಲಕ್ಕಿಂತ ಮೇಲು. ಬೀಜದ ಡೇರೆ ತಾಯಿಯ ಬಣ್ಣವನ್ನೇ ಕೊಡುವುದಿಲ್ಲ, ಕುಡಿಯಿಂದ ಬೆಳೆದದ್ದು ಕೊಡುತ್ತದೆ. ಎಲೆಯ ನರ ಹಳದಿಯಾಗಿ ಮುರುಟಿದ ಗಿಡದಿಂದ ಮಾತ್ರ ಕುಡಿಯನ್ನೂ ತರಬಾರದು, ನಂಜಾಣು (ವೈರಸ್) ಕುಡಿಯ ಜೊತೆಗೇ ಬರುತ್ತದೆ.

ಕುಂಡಗಳ ಮಣ್ಣನ್ನು ಒದ್ದೆಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಆರು ವಾರ ಇಟ್ಟಿದ್ದಾಯಿತು. ಪಾತಿಗೆ ಬೇವಿನ ಹಿಂಡಿ ಹಾಕಿ ಚೆಂಡುಹೂವು ಬೆಳೆಸುತ್ತಿದ್ದೇನೆ. ಹುಳು ಕಡಿಮೆಯಾಗಿದೆ, ಹೋಗಿಲ್ಲ.

ವಿಷಯ ತಿಳಿಯುವ ಮೊದಲು ನಾನೂ ಆ ಗೆಡ್ಡೆಗಳನ್ನು ನಾಲ್ಕು ಮನೆಗಳಿಗೆ ಹಂಚಿದ್ದೆ. ನಾಲ್ವರಿಗೂ ಫೋನ್ ಮಾಡಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಮೂವರು ಗಿಡ ಕಿತ್ತು ಸುಟ್ಟು, ಕುಂಡದ ಮಣ್ಣನ್ನು ಬಿಸಿಲಿಗೆ ಹಾಕಿದರು. ನಾಲ್ಕನೆಯವರು ಅಷ್ಟರಲ್ಲಿ ಗೆಡ್ಡೆಗಳನ್ನು ಒಡೆದು, ಮಣ್ಣುಸಹಿತ ತವರಿಗೂ ಇಬ್ಬರು ತಂಗಿಯರಿಗೂ ಕಳಿಸಿಯಾಗಿತ್ತು.